ನೀರಿನ ಡ್ರಮ್ಮಿಗೆ ಪ್ರದಕ್ಷಿಣೆ

ವರಾಂಡ ಒರೆಸುವಾಗ ದಿನವೂ ನನ್ನ ಕೈ ಒಂದು ಜಾಗದಲ್ಲಿ ತಡೆಯುತ್ತದೆ. ನಮ್ಮದು ಹಳೆಯ ಕೆಂಪು ಗಾರೆ ನೆಲ. ಕಾಕ್ಸ್ ಟೌನಿನಲ್ಲಿ ಇಂಥ ನೆಲದ ಮನೆ ಈಗ ಹುಡುಕಿದರೂ ಸಿಗುವುದು ಕಷ್ಟ. ಆ ನೆಲದ ನಡುವೆ ದೊಡ್ಡ ಬಳೆಯಂಥ ಒಂದು ಕಲೆ ಉಳಿದುಬಿಟ್ಟಿದೆ, ತುಕ್ಕಿನ ಬಣ್ಣದ್ದು. ಅದರ ಸುತ್ತ ಒಬ್ಬರು ಹೆಜ್ಜೆ ಇಡುವಷ್ಟು ಅಗಲದ ದಾರಿ ಉಳಿದ ನೆಲಕ್ಕಿಂತ ನುಣುಪಾಗಿ ಹೊಳೆಯುತ್ತದೆ. ನಿಂಬೆಹಣ್ಣು ಉಜ್ಜಿ ನೋಡಿದೆ, ಸೋಪಿನ ಪುಡಿ ಹಾಕಿ ನೋಡಿದೆ, ತೆಂಗಿನ ನಾರಿನಲ್ಲಿ ತಿಕ್ಕಿ ನೋಡಿದೆ. ಕಲೆ ಹೋಗಲಿಲ್ಲ, ನನ್ನ ಉಗುರು ಹೋಯಿತು. ಹೊಸದಾಗಿ ಮನೆಗೆ ಬಂದವರು, "ಇಲ್ಲಿ ಹೋಮ ಮಾಡಿಸಿದ್ರಾ?" ಎಂದು ಕೇಳುತ್ತಾರೆ. "ಹೂಂ, ಒಂಥರಾ" ಎಂದು ಕಾಫಿ ತರಲು ಒಳಗೆ ಹೋಗುತ್ತೇನೆ.

ನಿಮಗೆ ಹೇಳುವುದಕ್ಕೆ ಅಡ್ಡಿಯಿಲ್ಲ. ಅಲ್ಲಿ ನೀರು ತುಂಬಿದ ಕಬ್ಬಿಣದ ಡ್ರಮ್ಮು ನಿಂತಿತ್ತು. ಅದರ ಮೇಲೆ ನಾನೂ ನಮ್ಮವರೂ ಟೆಲಿಸ್ಕೋಪಿನ ಕನ್ನಡಿ ಉಜ್ಜಿದೆವು.

ಟೆಲಿಸ್ಕೋಪಿನೊಳಗೆ ಕನ್ನಡಿ ಇರುತ್ತದೆ ಎಂಬುದೇ ನನಗೆ ಐವತ್ತು ದಾಟಿದ ಮೇಲೆ ಗೊತ್ತಾದ ಸಂಗತಿ. ನಾನು ಓದಿದ್ದು ಹಲಸೂರಿನಲ್ಲಿ, ಹತ್ತನೇ ಕ್ಲಾಸಿನ ತನಕ. ವಿಜ್ಞಾನದ ಪುಸ್ತಕದಲ್ಲಿ ದೂರದರ್ಶಕದ ಚಿತ್ರವೊಂದಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಟೀಚರು ಆ ಪುಟವನ್ನು ಹಾರಿಸಿದರು. ಹಾಗಾಗಿ ಹಡಗಿನವರು ಒಂದು ಕಣ್ಣಿಗೆ ಹಿಡಿಯುವ ಹಿತ್ತಾಳೆ ಕೊಳವೆಯೇ ಟೆಲಿಸ್ಕೋಪು ಎಂದುಕೊಂಡಿದ್ದೆ. ಮನೆಯಲ್ಲಿ ಅಮ್ಮನ ಊದುಕೊಳವೆಯನ್ನೇ ಕಣ್ಣಿಗಿಟ್ಟು ಆಡುತ್ತಿದ್ದೆವು. ಒಮ್ಮೆ ಅದರೊಳಗಿನ ಬೂದಿಯೆಲ್ಲ ಕಣ್ಣಿಗೆ ಬಿತ್ತು. ಅಮ್ಮ ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಯ ಉಸಿರಿನಿಂದ ಬಿಸಿ ಮಾಡಿ, ಕಣ್ಣಿಗೆ ಒತ್ತುತ್ತ ಬೈದಳು. ನನ್ನ ಖಗೋಳ ವಿಜ್ಞಾನ ಅಲ್ಲಿಗೆ ಮುಗಿದಿತ್ತು.

ಚಂದ್ರನ ಪರಿಚಯವಿತ್ತು, ಆದರೆ ಬೇರೆ ದಾರಿಯಿಂದ. ಸಂಕಷ್ಟಿಯ ದಿನ ಅಮ್ಮ ಉಪವಾಸ. ಚಂದ್ರ ಕಾಣುವ ತನಕ ಅವಳು ಉಣ್ಣುವಂತಿಲ್ಲ. ಅವಳು ಉಣ್ಣದೆ ಕಡುಬಿನ ಪಾತ್ರೆಯ ಮುಚ್ಚಳ ತೆಗೆಯುವಂತಿಲ್ಲ. "ಬಂದನೇನೇ?" ಎಂದು ಅವಳು ಒಳಗಿನಿಂದ ಕೂಗುವುದು, "ಮೋಡ ಅಮ್ಮಾ" ಎಂದು ನಾನು ಮಹಡಿಯ ಮೆಟ್ಟಿಲಿನಿಂದ ಕೂಗುವುದು. ಊಟಕ್ಕೆ ಅಪ್ಪಣೆ ಕೊಡುವ ಅಧಿಕಾರಿ ಎಂದಷ್ಟೇ ನಾನು ಚಂದ್ರನನ್ನು ಬಲ್ಲೆ. ಅವನ ಮೈಮೇಲೆ ಏನಿದೆ ಎಂದು ವಿಚಾರಿಸುವ ಸಲಿಗೆ ನಮ್ಮಿಬ್ಬರ ನಡುವೆ ಇರಲಿಲ್ಲ.

ನಮ್ಮವರಿಗೂ ನನಗೂ ಗಂಟು ಬಿದ್ದದ್ದು ಗಾಜಿನ ದೆಸೆಯಿಂದ. ಅವರು ಶಿವಾಜಿನಗರದ ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದರು. ನಮ್ಮಪ್ಪ ತಮ್ಮ ಮೊದಲ ಕನ್ನಡಕ ಹಾಕಿಸಿಕೊಂಡು ಅಂಗಡಿಯಿಂದ ಹೊರಟವರು ಬಸ್ ಸ್ಟ್ಯಾಂಡಿನ ತನಕ ಹೋಗಿ ವಾಪಸು ಬಂದರಂತೆ. ಮರದ ಎಲೆಗಳು ಬೇರೆ ಬೇರೆಯಾಗಿ ಕಾಣುತ್ತಿವೆ, ಈ ಗಾಜು ಉಜ್ಜಿದವರು ಯಾರು ಎಂದು ಕೇಳಿದರಂತೆ. ಕೈತುಂಬ ಪುಡಿ ಮೆತ್ತಿಕೊಂಡ ಹುಡುಗನೊಬ್ಬ ಹೊರಗೆ ಬಂದು ನಿಂತ. ಕುಲಗೋತ್ರವನ್ನೆಲ್ಲ ಅಪ್ಪ ವಿಚಾರಿಸಿದ್ದು ಆಮೇಲೆ. "ಎಲೆ ಎಲೆ ಕಾಣೋ ಹಾಗೆ ಮಾಡಿದಾನೆ ಕಣೆ, ಮಗಳನ್ನ ಚೆನ್ನಾಗಿ ನೋಡ್ಕೋತಾನೆ" ಎಂದು ಅಮ್ಮನಿಗೆ ಹೇಳಿದರು. ಇವೆರಡಕ್ಕೂ ಏನು ಸಂಬಂಧವೋ ನನಗೆ ಇಂದಿಗೂ ತಿಳಿದಿಲ್ಲ. ಆದರೆ ಅಪ್ಪನ ಮಾತು ಸುಳ್ಳಾಗಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಒಬ್ಬರಿಗೊಬ್ಬರು ಮಗುವಾಗಿ ಇಷ್ಟು ವರ್ಷ ಕಳೆದೆವು.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರ ಕೈಯಿಂದ ಬ್ರಷ್ಷು ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವರು ಅಲ್ಲೇ ಕುಸಿದರು. ಲಕ್ವ. ಬಲಗೈ, ಬಲಗಾಲು ಎರಡೂ ಸೋತವು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಉಳಿದದ್ದನ್ನು ಎಣಿಸತೊಡಗಿದೆ. ನೆನಪು ಉಳಿಯಿತು. ಮಾತು ತಡವರಿಸಿದರೂ ಉಳಿಯಿತು. ಅನ್ನ ನುಂಗಲು ಬಂತು. ಒಂದೊಂದಕ್ಕೂ ದೇವರ ಮುಂದೆ ಒಂದೊಂದು ಬತ್ತಿ ಹೆಚ್ಚಿಗೆ ಹಚ್ಚಿದೆ. ಎಣ್ಣೆ ಬೇಗ ಬೇಗ ಮುಗಿಯುತ್ತಿತ್ತು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ದಿನವೂ ನಡೆಯಬೇಕು ಎಂದಳು. ಒಂದು ಸಂಜೆ ಧೈರ್ಯ ಮಾಡಿ ಹೊರಟೆವು. ಮೂಲೆಯ ಬೇಕರಿಯ ತನಕ ಹೋಗುವುದು, ಎರಡು ದಿಲ್‌ಪಸಂದ್ ಕಟ್ಟಿಸಿಕೊಂಡು ಬರುವುದು ಎಂದು ಮಾತಾಗಿತ್ತು. ಕಾಲು ಎಳೆಯುತ್ತ ಎಳೆಯುತ್ತ ಬೇಕರಿ ಮುಟ್ಟಿದಾಗ ಅಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಸರಿದು ದಾರಿ ಬಿಟ್ಟರು. ಒಬ್ಬರು ಕುರ್ಚಿ ತಂದರು. ಒಬ್ಬಾಕೆ "ಅಯ್ಯೋ ಪಾಪ, ಹೇಗಿದ್ರು" ಎಂದರು. ಎಲ್ಲರೂ ಒಳ್ಳೆಯವರೇ. ಅದನ್ನೇ ಇವರಿಂದ ತಡೆದುಕೊಳ್ಳಲಾಗಲಿಲ್ಲ. ದಿಲ್‌ಪಸಂದನ್ನು ಮುಟ್ಟಲಿಲ್ಲ. "ಇನ್ನು... ಗೇಟು ದಾಟಲ್ಲ" ಎಂದರು.

ದಾಟಲೂ ಇಲ್ಲ. ವರಾಂಡದ ಕುರ್ಚಿ, ಕೋಣೆಯ ಮಂಚ, ಬಚ್ಚಲು. "ನಡೀದೇ ಇದ್ರೆ ಕಾಲು ಹೀಗೇ ಬಿಗಿದುಹೋಗುತ್ತಮ್ಮ, ಆಮೇಲೆ ನನ್ನ ಕೈಲೂ ಏನೂ ಆಗಲ್ಲ" ಎಂದು ಆ ಹುಡುಗಿ ಅಡಿಗೆಮನೆಗೆ ಬಂದು ಮೆಲ್ಲಗೆ ಹೇಳಿದಳು. ನಾನು ಹಲಸೂರಿನ ಸೋಮೇಶ್ವರನ ಮುಂದೆ ನಿಂತು ಒಂದೇ ಒಂದು ಬೇಡಿದೆ. ಪೂರ್ತಿ ವಾಸಿ ಮಾಡು ಎಂದಲ್ಲ, ಅಷ್ಟು ದೊಡ್ಡದು ಕೇಳಲು ನನಗೆ ನಾಚಿಕೆ. ಇವರು ಎಲ್ಲರ ಹಾಗೆ ಒಂದು ಸಲ ಗೇಟು ದಾಟಿ ಬೀದಿಗೆ ಹೋಗಿ ಬರಲಿ ಎಂದೆ.

ನಾನು ಕೇಳಿದ್ದು ಸೋಮೇಶ್ವರನನ್ನು. ಬಂದವರು ಶುಕ್ರವಾರದ ನಮಾಜು ಮುಗಿಸಿಕೊಂಡ ಅಮೀರ್ ಭಾಯಿ. ಇವರ ಜೊತೆ ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಎದುರುಬದುರು ಕೂತು ಗಾಜು ಉಜ್ಜಿದವರು, ರಿಚರ್ಡ್ಸ್ ಟೌನಿನವರು. ಒಂದು ಕೈಚೀಲವನ್ನು ಬಸುರಿಯನ್ನು ಇಳಿಸುವ ಹಾಗೆ ಆಟೋದಿಂದ ಇಳಿಸಿಕೊಂಡು ಬಂದರು. ಒಳಗೆ ಊಟದ ತಟ್ಟೆಯಗಲದ, ಮಣೆಯಷ್ಟು ದಪ್ಪದ ಎರಡು ಗಾಜಿನ ಬಿಲ್ಲೆಗಳು.

"ಭಾಬಿ, ಒಂದು ಡ್ರಮ್ಮು ಇದೆಯಾ?"

"ನೀರಿಂದಾ, ಅಕ್ಕೀದಾ?"

"ಯಾವ್ದಾದ್ರೂ ಸರಿ, ಭಾರ ಇರ್ಬೇಕು. ನಿಮ್ಮನೆಯವ್ರು ತಳ್ಳಿದ್ರೂ ಅಲ್ಲಾಡಬಾರ್ದು."

"ಅವರು ಈಗ ಕಾಫಿ ಲೋಟಾನೂ ತಳ್ಳಲ್ಲ ಭಾಯಿ."

ಕುರ್ಚಿಯಿಂದ ಇವರು ಕೇಳಿದರು, "ಏನದು?"

"ನಿನ್ ಹುಚ್ಚು ಯಾರ್, ಇನ್ನೇನು. ಕನ್ನಡಕ ಉಜ್ಜಿ ಉಜ್ಜಿ ಸಾಕಾಯ್ತು, ಒಂದು ಟೆಲಿಸ್ಕೋಪ್ ಕನ್ನಡಿ ಉಜ್ಜೋಣ, ರಿಟೈರ್ ಆಗ್ಲಿ ಅಂತ ತಲೆ ತಿಂತಿದ್ದೆ. ಈಗ ರಿಟೈರೇ ಅಲ್ವಾ?"

"ಕೈ ಇಲ್ಲ... ಅಮೀರ್."

"ಭಾಬೀದು ಎರಡಿದೆ."

ಹೀಗೆ ನನ್ನನ್ನು ಕೇಳದೆಯೇ ನಾನು ಆ ಕೆಲಸಕ್ಕೆ ಸೇರಿದೆ. ಡ್ರಮ್ಮಿಗೆ ನೀರು ತುಂಬಿ, ಮೇಲೆ ಹಲಗೆ ಬಿಗಿದು, ಒಂದು ಗಾಜನ್ನು ಅದರ ಮೇಲೆ ಕದಲದಂತೆ ಕೂರಿಸಿದರು. ಅದರ ಮೇಲೆ ನೀರು, ಸಾಣೆಯ ಕರಿಪುಡಿ; ಅದರ ಮೇಲೆ ಇನ್ನೊಂದು ಗಾಜು. ಮೇಲಿನದನ್ನು ಮುಂದಕ್ಕೂ ಹಿಂದಕ್ಕೂ ತಳ್ಳಬೇಕು. ತಳ್ಳಿ ಗಾಜನ್ನು ತುಸು ತಿರುಗಿಸಬೇಕು. ನಾವು ಒಂದು ಹೆಜ್ಜೆ ಪಕ್ಕಕ್ಕೆ ಹೋಗಬೇಕು. ಮತ್ತೆ ತಳ್ಳಬೇಕು, ತಿರುಗಿಸಬೇಕು, ಹೆಜ್ಜೆ ಇಡಬೇಕು. ಒಂದೇ ಕಡೆ ನಿಂತು ತಳ್ಳಿದರೆ ಗಾಜು ಅಲ್ಲೇ ಸವೆದು ಸೊಟ್ಟಗಾಗುತ್ತದೆ. ಸುತ್ತುತ್ತ ಹೋದರೆ ಮೇಲಿನದು ತಾನಾಗಿ ಬಟ್ಟಲಿನಂತೆ ತಗ್ಗುತ್ತದೆ, ಕೆಳಗಿನದು ಉಬ್ಬುತ್ತದೆ. ಆ ತಗ್ಗಿದ ಗಾಜೇ ಮುಂದೆ ಕನ್ನಡಿಯಾಗಿ, ದೂರದ ಬೆಳಕನ್ನೆಲ್ಲ ಹಿಡಿದು ಒಂದು ಕಡೆ ಕೂಡಿಸುತ್ತದೆ.

ಅಮೀರ್ ಭಾಯಿ ಸುತ್ತಿ ತೋರಿಸುವಾಗ ನನಗೆ ನಗು ಬಂತು. "ಇದು ಪ್ರದಕ್ಷಿಣೆ ಅಲ್ವಾ?"

"ನೀವು ಏನಾದ್ರೂ ಅನ್ಕೊಳ್ಳಿ ಭಾಬಿ, ಸುತ್ತಿದ್ರೆ ಆಯ್ತು."

ಪ್ರದಕ್ಷಿಣೆಯೆಂದ ಮೇಲೆ ಬಾಯಿ ಸುಮ್ಮನಿರುವುದು ಹೇಗೆ? ಹಲಸೂರಿನಲ್ಲಿ ಅಮ್ಮನ ಸೆರಗು ಹಿಡಿದು ಅಶ್ವತ್ಥಕಟ್ಟೆ ಸುತ್ತಿದ ಕಾಲು ನನ್ನದು. ಒಂದು ಸಲ ತಳ್ಳುವುದಕ್ಕೆ ಒಂದು ಶಿವನಾಮ ಎಂದು ಇಟ್ಟುಕೊಂಡೆ. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತವರು ಗಾಜಿನ ಸದ್ದನ್ನು ಕೇಳುತ್ತಿದ್ದರು. ಮೊದಲು ಕರಕರ ಎನ್ನುವ ಪುಡಿ ಅರೆದಂತೆಲ್ಲ ಸದ್ದು ಸಣ್ಣಗಾಗುತ್ತದೆ. "ಪುಡಿ ಸತ್ತಿದೆ, ಹೊಸದು ಹಾಕು" ಎನ್ನುವರು. "ಭಾರ ಬಿಡ್ಬೇಡ" ಎನ್ನುವರು. ಒಮ್ಮೆ, "ಶಿವ... ಓಡ್ತಿದಾನೆ. ನಿಧಾನ" ಎಂದರು. ಲಕ್ವ ಹೊಡೆದ ಮೇಲೆ ಅವರಾಡಿದ ಮೊದಲ ತಮಾಷೆ ಅದು. ಆ ಸಂಜೆ ಒಂದು ಬತ್ತಿ ಹೆಚ್ಚಿಗೆ ಹಚ್ಚಿದೆ.

ಒಂದು ದಿನ ಹಾಲು ಕಾಯಿಸಲು ಒಳಗೆ ಹೋದೆ. ಡ್ರಮ್ಮಿನ ಬಳಿ ಯಾರೂ ಇರಲಿಲ್ಲ. ಆದರೂ ಗಾಜಿನ ಸದ್ದು ಶುರುವಾಯಿತು. ಬಾಗಿಲ ಸಂದಿಯಿಂದ ಇಣುಕಿದೆ. ಎದ್ದು ನಿಂತಿದ್ದಾರೆ. ಸೋತ ಬಲಗೈಯನ್ನು ಗಾಜಿನ ಮೇಲಿಟ್ಟು, ಅದರ ಮೇಲೆ ಎಡಗೈ ಊರಿ, ತಳ್ಳುತ್ತಿದ್ದಾರೆ. ತಳ್ಳಿದರು. ತಿರುಗಿಸಿದರು. ಸೊಂಟವನ್ನು ಡ್ರಮ್ಮಿಗೆ ಆನಿಸಿ ಬಲಗಾಲನ್ನು ಎಳೆದು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರು. ಹಿಂದೆ ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಉಕ್ಕಲಿ ಎಂದು ಬಿಟ್ಟೆ. ನಾನು ಕದಲಿದರೆ ಅವರು ಕೂತುಬಿಡುತ್ತಾರೇನೋ ಎಂಬ ಹೆದರಿಕೆ.

ಅಲ್ಲಿಂದ ದಿನವೂ ಇಬ್ಬರೂ. ಬೆಳಿಗ್ಗೆ ಅವರು, ಅವರಿಗೆ ದಣಿವಾದಾಗ ನಾನು. ಬಟ್ಟೆ ಒಗೆದು ಬರುವಷ್ಟರಲ್ಲಿ ಅವರು ವರಾಂಡದ ಈ ಕಡೆಯಿಂದ ಆ ಕಡೆಗೆ ಹೋಗಿರುತ್ತಿದ್ದರು. ವ್ಯಾಯಾಮದ ಹುಡುಗಿ ನೋಡಿ, "ಇದ್ಯಾವ ಎಕ್ಸರ್‌ಸೈಜಮ್ಮ, ನಮ್ಮ ಕೋರ್ಸಲ್ಲೇ ಇರ್ಲಿಲ್ಲ" ಎಂದು ಮೊಬೈಲಿನಲ್ಲಿ ಚಿತ್ರ ಹಿಡಿದುಕೊಂಡಳು.

ಈ ಕೆಲಸದಲ್ಲಿ ಒಂದು ವಿಚಿತ್ರವಿದೆ. ಮೊದಲ ಪುಡಿ ಇಡ್ಲಿ ರವೆಯಷ್ಟು ದಪ್ಪ. ಅದು ಮುಗಿದ ಮೇಲೆ ಚಿರೋಟಿ ರವೆಯಂಥದ್ದು, ಆಮೇಲೆ ಅಕ್ಕಿಹಿಟ್ಟಿನಂಥದ್ದು, ಕೊನೆಗೆ ವಿಭೂತಿಯಂಥದ್ದು. ಪುಡಿ ಬದಲಿಸುವಾಗ ಹಿಂದಿನದರ ಒಂದೇ ಒಂದು ಕಾಳು ಉಳಿದರೂ ನುಣುಪಾದ ಗಾಜಿಗೆ ಗೀರು ಬೀಳುತ್ತದೆ. ಹಾಗಾಗಿ ಡ್ರಮ್ಮು ತೊಳೆಯಬೇಕು, ನೆಲ ತೊಳೆಯಬೇಕು, ಉಗುರು ಕತ್ತರಿಸಬೇಕು, ಬೇರೆ ಸೀರೆ ಉಡಬೇಕು. ಮದುವೆಯಾದಂದಿನಿಂದ ನನ್ನ ಮಡಿಯನ್ನು ಗೇಲಿ ಮಾಡಿದ ಮನುಷ್ಯ ನಮ್ಮವರು. ನಾನು ಮಡಿಯುಟ್ಟಾಗ ಬೇಕೆಂದೇ ಬಂದು ಮುಟ್ಟಿ ಹೋಗುತ್ತಿದ್ದವರು. ಈಗ ನಾನು ಹತ್ತಿರ ಹೋದರೆ, "ಏ, ಸ್ನಾನ ಆಯ್ತಾ?"

"ಆಯ್ತು ರೀ."

"ಸೀರೆ?"

"ಒಗೆದಿದ್ದು."

"ತಲೆ ಒದರಿದ್ಯಾ? ಒಲೆ ಮುಂದೆ ನಿಂತಿದ್ದೆಯಲ್ಲ."

"ನನ್ನ ಅತ್ತೇನೂ ಇಷ್ಟು ಮಡಿ ಮಾಡ್ತಿರ್ಲಿಲ್ಲ" ಎಂದರೆ, "ಅವರು ಕನ್ನಡಿ ಉಜ್ತಿರ್ಲಿಲ್ಲ" ಎನ್ನುವರು. ಮಾತು ಅಷ್ಟು ಸಲೀಸಾಗಿತ್ತು ಆಗ.

ಇಷ್ಟೆಲ್ಲ ಮಡಿ ಮಾಡಿ, ಕೆಟ್ಟದ್ದು ಹಬ್ಬದಿಂದ. ವರಮಹಾಲಕ್ಷ್ಮಿಗೆ ಕೆ.ಆರ್.ಪುರದಿಂದ ನಾದಿನಿ ಸರೋಜ ಬಂದಳು, ಇವರ ತಂಗಿ. ವಿಭೂತಿಯಂಥ ಪುಡಿಯ ಕೆಲಸವೂ ಮುಗಿಯುತ್ತ ಬಂದಿತ್ತು. ಹಬ್ಬದ ಬೆಳಿಗ್ಗೆ ನಾನು ಒಬ್ಬಟ್ಟಿನ ಹೂರಣದ ಮುಂದೆ, ಇವರು ಸ್ನಾನಕ್ಕೆ. ಸರೋಜ ವರಾಂಡ ನೋಡಿದಳು. ನಡುವೆ ಗುಂಡಗಿನ ಪೀಠ. ಮೇಲೆ ಬಿಳಿ ಬಟ್ಟೆ ಹೊದಿಸಿದೆ. ಸುತ್ತ ತೊಳೆದ ಶುದ್ಧ ನೆಲ. ನಮ್ಮ ಪೈಕಿ ಯಾರು ನೋಡಿದರೂ ಏನೆಂದುಕೊಳ್ಳುತ್ತಾರೆ ನೀವೇ ಹೇಳಿ. ಕಳಶ ಕೂರಿಸಲು ಅತ್ತಿಗೆ ಎಷ್ಟು ಚೆನ್ನಾಗಿ ಅಣಿ ಮಾಡಿದ್ದಾರೆ ಎಂದು ಮೆಚ್ಚಿಕೊಂಡು, ಡ್ರಮ್ಮಿನ ಸುತ್ತ ಎಂಟು ದಳದ ಕಮಲ ಬರೆದಳು. ತಾನು ತಂದಿದ್ದ ಗುಲಾಬಿ, ಹಸಿರು, ಹಳದಿ ರಂಗೋಲಿ ಪುಡಿಗಳನ್ನು ತುಂಬಿದಳು. ಬಟ್ಟೆ ಸರಿಸಿ ಗಾಜಿಗೂ ನಾಲ್ಕು ಕಡೆ ಅರಿಶಿನ ಕುಂಕುಮ ಇಟ್ಟಳು. ತೊಳೆದ ನೆಲದ ಹಸಿ ಆರಲಿ ಎಂದು ಫ್ಯಾನು ಹಾಕಿದಳು.

ನಾವು ಗಾಜನ್ನು ತೊಳೆದೆವು, ನೆಲ ತೊಳೆದೆವು. ಬಣ್ಣದ ರಂಗೋಲಿಯೆಂದರೆ ಬಣ್ಣ ಹಾಕಿದ ಮರಳು ಎಂದು ನಮಗೆ ಹೊಳೆಯಲಿಲ್ಲ. ಮರುದಿನ ಇವರು ತಳ್ಳತೊಡಗಿದ ಗಳಿಗೆಯಲ್ಲೇ ಒಂದು ಸದ್ದು ಬಂತು. ಹಲ್ಲು ಜುಮ್ಮೆನ್ನಿಸುವ ಸದ್ದು. ಗಾಜನ್ನು ಎತ್ತಿ ಬೆಳಕಿಗೆ ಹಿಡಿದೆವು. ನಡುವಿನಿಂದ ಅಂಚಿನ ತನಕ ಉದ್ದಕ್ಕೆ ಒಂದು ಗೀರು.

ಇವರು ಹೋಗಿ ಕುರ್ಚಿಯಲ್ಲಿ ಕೂತರು. "ಸಾಕು" ಎಂದರು. ಅಮೀರ್ ಭಾಯಿ ಬಂದು ನೋಡಿ, ಎರಡು ಪುಡಿ ಹಿಂದಕ್ಕೆ ಹೋದರೆ ಗೀರು ಸವೆದುಹೋಗುತ್ತದೆ, ಇದೇನು ದೊಡ್ಡ ವಿಷಯವಲ್ಲ ಎಂದರು. ಇವರು ಗೋಡೆ ನೋಡುತ್ತ ಕೂತಿದ್ದರು. ಮರುದಿನವೂ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಬಚ್ಚಲಿಗೆ ಹೋಗುವಾಗ ಕಾಲು ಮೊದಲಿಗಿಂತ ಹೆಚ್ಚು ಎಳೆಯುತ್ತಿರುವಂತೆ ನನಗೆ ಕಂಡಿತು. ನಾನು ಡ್ರಮ್ಮಿನ ಬಳಿ ನಿಂತು ಒಬ್ಬಳೇ ಉಜ್ಜಿದೆ. ಪುಡಿ ಸತ್ತಿದೆ ಎಂದು ಹೇಳುವವರಿರಲಿಲ್ಲ.

ಹಬ್ಬದ ಸಂಜೆಯೇ ಊರಿಗೆ ಹಿಂದಿರುಗಿದ್ದ ಸರೋಜಳಿಗೆ ಫೋನಿನಲ್ಲಿ ನಾನು ಹೇಳಿರಲಿಲ್ಲ. ಅಮೀರ್ ಭಾಯಿ ಹೇಳಿದರೋ ಏನೋ. ಒಂದು ಮಧ್ಯಾಹ್ನ ಬಸ್ಸಿಳಿದು ನೇರ ಬಂದಳು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಸೆರಗು ಸಿಕ್ಕಿಸಿ, ಅಣ್ಣನ ಮುಖ ನೋಡದೆ ಗಾಜಿಗೆ ಕೈ ಹಾಕಿದಳು.

"ನಾನ್ ಕೆಡ್ಸಿದ್ದು, ನಾನೇ ಸರಿ ಮಾಡ್ತೀನಿ. ಹೇಗ್ ಉಜ್ಬೇಕು ಅತ್ತಿಗೆ?"

ನಾನು ಹೇಳುವ ಮೊದಲೇ ಶುರು ಮಾಡಿದಳು. ಅವಳು ಜೋರಿನ ಹೆಣ್ಣು. ಗಾಜು ಅರ್ಧ ಹೊರಗೆ ಜಾರುತ್ತಿದೆ, ನೀರು ಚೆಲ್ಲುತ್ತಿದೆ, ನಿಂತಲ್ಲೇ ನಿಂತು ಉಜ್ಜುತ್ತಿದ್ದಾಳೆ, ಕಣ್ಣಿಂದ ನೀರು ಸುರಿಯುತ್ತಿದೆ. ನಾನು ಇವರ ಮುಖ ನೋಡಿದೆ. ಗೋಡೆಯ ಕಡೆ ಇದ್ದ ಮುಖ ಮೆಲ್ಲಗೆ ತಿರುಗಿತು. ಒಂದೊಂದು ಸದ್ದಿಗೂ ಹುಬ್ಬು ಗಂಟಿಕ್ಕುತ್ತಿತ್ತು. ಗಾಜು ಇನ್ನೊಮ್ಮೆ ಜಾರಿದಾಗ ಅವರಿಂದ ತಡೆಯಲಾಗಲಿಲ್ಲ.

"ಏ ಸರೋಜಾ, ಅದೇನು ಚಪಾತಿ ಲಟ್ಟಿಸ್ತಿದ್ದೀಯೇನೇ? ಸುತ್ತು. ಕಾಲಿಲ್ವಾ ನಿಂಗೆ?"

"ಗೊತ್ತಿಲ್ಲ ಹೋಗಣ್ಣ. ಬಂದು ತೋರಿಸು."

ಕುರ್ಚಿಯ ಕೈ ಹಿಡಿದು ಎದ್ದರು. ಬಂದು ಅವಳನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದರು, ಬಲ ಮೊಣಕೈಯಿಂದ. ಅದನ್ನು ನಾನೂ ನೋಡಿದೆ, ಅವಳೂ ನೋಡಿದಳು.

ಗೀರು ಸವೆಯಲು ಒಂದು ತಿಂಗಳ ಮೇಲಾಯಿತು. ಇಲ್ಲೊಂದು ಮಾತನ್ನು ನಿಮ್ಮ ಕಿವಿಯಲ್ಲಿ ಹೇಳುತ್ತೇನೆ. ನನಗೆ ಆ ಗೀರಿನ ಮೇಲೆ ಪ್ರೀತಿ ಬಂದಿತ್ತು. ಅದು ಇರುವಷ್ಟು ದಿನ ಇವರು ನಡೆಯುತ್ತಾರೆ. ಕನ್ನಡಿ ಮುಗಿದುಹೋದರೆ ಆಮೇಲೆ ಯಾತರ ಸುತ್ತ ಸುತ್ತುವುದು? ಸರೋಜಳ ಕಮಲವನ್ನು ದೇವರೇ ಬರೆಸಿದ್ದು ಎಂದುಕೊಂಡು, ಗೀರು ನಿಧಾನವಾಗಿ ಸವೆಯಲಿ ಎಂದು ಬೇಡಿದೆ.

ಆದರೂ ಸವೆಯಿತು. ಆಮೇಲೆ ಹೊಳಪಿನ ಕೆಲಸ. ಅದಕ್ಕೆ ಟಾರಿನಂಥ ಒಂದು ಅಂಟನ್ನು ಕರಗಿಸಿ ಕೆಳಗಿನ ಗಾಜಿನ ಮೇಲೆ ಹೊಯ್ಯಬೇಕು. ಅದು ಕರಗಿದ್ದು ನನ್ನ ಒಲೆಯ ಮೇಲೆ. ಒಂದು ವಾರ ಹುಳಿಯೂ ಟಾರು, ಪಲ್ಯವೂ ಟಾರು. ಉಜ್ಜುತ್ತ ಉಜ್ಜುತ್ತ ಮಂಜಿನಂತಿದ್ದ ಗಾಜು ತಿಳಿನೀರಾಯಿತು.

ಗಾಜಿನ ಬಾಗು ಸರಿಯಾಗಿದೆಯೇ ಎಂದು ನೋಡಲು ಒಂದು ಪರೀಕ್ಷೆಯಿದೆ. ಕತ್ತಲೆ ಮಾಡಿದ ಕೋಣೆ, ಆ ಕಡೆ ಗೋಡೆಗೊರಗಿಸಿದ ಗಾಜು, ಈ ಕಡೆ ಒಂದು ಸಣ್ಣ ದೀಪ, ಒಂದು ಬ್ಲೇಡು. ಬ್ಲೇಡಿನ ಅಂಚಿನಲ್ಲಿ ಕಣ್ಣಿಟ್ಟು ನೋಡಿದರೆ ಗಾಜು ಬೂದುಬಣ್ಣದ ಚಂದ್ರನಂತೆ ಕಾಣುತ್ತದೆ, ಅದರ ಮೇಲಿನ ಕಾಣದ ಉಬ್ಬುತಗ್ಗುಗಳೆಲ್ಲ ನೆರಳಾಗಿ ಎದ್ದು ಬರುತ್ತವೆ. ಇವರು ನನ್ನನ್ನು ಕರೆದರು.

"ಹೋಗಿ ಗಾಜಿನ ಮೇಲೆ ಹೆಬ್ಬೆಟ್ಟಿಡು. ಸ್ವಲ್ಪ ಹೊತ್ತು. ಈಗ ಬಂದು ನೋಡು."

ಬಂದು ನೋಡಿದೆ. ನಾನು ಬೆರಳಿಟ್ಟಿದ್ದ ಜಾಗದಲ್ಲಿ ಒಂದು ಗುಡ್ಡ ಎದ್ದಿತ್ತು.

"ಹಾಳಾಯ್ತಾ ರೀ?"

"ಇಲ್ಲ ಕಣೆ. ನಿನ್ನ ಕೈ ಬಿಸಿಗೆ ಗಾಜು ಉಬ್ಬಿದೆ. ಇರು, ಆರುತ್ತೆ."

ನೋಡುತ್ತಿದ್ದಂತೆ ಗುಡ್ಡ ಮೆಲ್ಲಗೆ ಕರಗಿತು. ಅಷ್ಟು ಗಟ್ಟಿ ಗಾಜು ನನ್ನ ಒಂದು ಬೆರಳನ್ನು ತಿಳಿದುಕೊಳ್ಳುತ್ತದೆ ಎಂದು ನನಗೆ ಮೈ ಜುಮ್ಮೆಂದಿತು. ಇಷ್ಟು ತಿಂಗಳು ಒಬ್ಬರ ಕೈಮೇಲೊಬ್ಬರು ಕೈಯಿಟ್ಟು ಉಜ್ಜಿದ್ದೇವಲ್ಲ, ಅದಕ್ಕೆ ನಮ್ಮ ಬಗ್ಗೆ ಏನೆಲ್ಲ ಗೊತ್ತಿದೆಯೋ. ಅವರಿಗೂ ಹಾಗೆ ಅನ್ನಿಸಿತೋ ಏನೋ. "ಇನ್ನೊಂದ್ಸಲ ಇಡು" ಎಂದರು. ಎರಡನೆಯ ಸಲ ಯಾವ ಪರೀಕ್ಷೆಯೂ ಇರಲಿಲ್ಲ.

ಅಮೀರ್ ಭಾಯಿ ಗರುಡಾಚಾರ್‌ಪಾಳ್ಯದ ಕಡೆ ಯಾರಲ್ಲೋ ಕೊಟ್ಟು ಗಾಜಿಗೆ ಬೆಳ್ಳಿಯಂಥ ಲೇಪ ಹಾಕಿಸಿ ತಂದರು. ಪ್ಲೈವುಡ್ಡಿನ ಉದ್ದ ಪೆಟ್ಟಿಗೆಯ ತಳದಲ್ಲಿ ಅದನ್ನು ಕೂರಿಸಿದರು, ಮೇಲ್ತುದಿಯ ಪಕ್ಕದಲ್ಲಿ ಕಣ್ಣಿಡುವ ಮಸೂರ, ಕೆಳಗೆ ಬೇಕಾದ ಕಡೆ ತಿರುಗಿಸಲು ಒಂದು ಗಿಡ್ಡ ಪೀಠ. ಡ್ರಮ್ಮು ಹಿತ್ತಲಿಗೆ ಹೋಯಿತು. ವರಾಂಡ ಬೋಳಾಯಿತು. ಇವರು ಮತ್ತೆ ಕುರ್ಚಿಯಲ್ಲಿ ಕೂತರು, ಪಕ್ಕದಲ್ಲಿ ಆ ಪೆಟ್ಟಿಗೆ.

ಮಳೆ ನಿಂತು ಕಾರ್ತೀಕ ಬಂತು. "ಇವತ್ತು ತಿಥಿ ಏನು?" ಎಂದು ಎಂದೂ ಪಂಚಾಂಗ ಕೇಳದವರು ಕೇಳಿದರು. "ಅಷ್ಟಮಿ" ಎಂದೆ. ಅರ್ಧಚಂದ್ರನ ದಿನವೇ ನೋಡಲು ಚೆಂದವಂತೆ, ಹುಣ್ಣಿಮೆಗಿಂತ. ದೀಪ ಹಚ್ಚಿ ಬಂದು ನೋಡಿದರೆ ಆಕಾಶವೆಲ್ಲ ತಿಳಿಯಾಗಿದೆ, ಚಂದ್ರ ಮಾತ್ರ ಇಲ್ಲ. ಎದುರಿನ ಹಳೆಯ ಬಂಗಲೆ ಒಡೆದು ಕಟ್ಟಿದ ಅಪಾರ್ಟ್‌ಮೆಂಟಿನ ಹಿಂದೆ ಇದ್ದಾನೆ. ನಮ್ಮದು ಹೆಂಚಿನ ಮನೆ, ಹತ್ತಿ ನೋಡಲು ಮಹಡಿಯಿಲ್ಲ. ಅಮೀರ್ ಭಾಯಿ ಗೇಟಿನ ಹೊರಗೆ ಹೋಗಿ ನಾಲ್ಕೂ ಕಡೆ ನೋಡಿ ಬಂದರು.

"ಮೂಲೆಯಿಂದ ಚೆನ್ನಾಗಿ ಕಾಣುತ್ತೆ ಯಾರ್. ಬೇಕರಿ ಮುಂದಿಂದ."

ಇವರು ಪೆಟ್ಟಿಗೆಯನ್ನು ನೋಡಿದರು, ಗೇಟನ್ನು ನೋಡಿದರು. "ನೀವಿಬ್ರು ತಗೊಂಡ್ ಹೋಗಿ ನೋಡಿ" ಎಂದರು. ನಾನು ಏನೋ ಹೇಳಲು ಹೋದೆ. ಅಮೀರ್ ಭಾಯಿ ಕಣ್ಣಲ್ಲೇ ಬೇಡವೆಂದರು. ಒಂದು ತುದಿ ಅವರು ಹಿಡಿದರು, ಒಂದು ತುದಿ ನಾನು. ಮೆಟ್ಟಿಲಿಳಿಯುವಾಗ ಪೆಟ್ಟಿಗೆ ಗೋಡೆಗೆ ತಾಗಿತು.

"ಮೆಲ್ಲಗೆ," ಹಿಂದಿನಿಂದ ದನಿ ಬಂತು. "ಕನ್ನಡಿ ಅಲ್ಲಾಡಿದ್ರೆ ಮತ್ತೆ ಕೂರಿಸ್ಬೇಕು."

ನಾವು ಮುಂದೆ ಹೋದೆವು. "ಏ, ನಿನ್ ಕಡೆ ತಗ್ಗಾಯ್ತು, ಎತ್ತು." ಗೇಟಿನ ಚಿಲಕ ತೆಗೆದೆವು. "ಅಮೀರ್, ಹಳ್ಳ ಇದೆ ಅಲ್ಲಿ, ಕಾಣಲ್ವಾ?" ಬೀದಿಗಿಳಿದೆವು. ದನಿ ಅಷ್ಟೇ ಹತ್ತಿರದಿಂದ ಬರುತ್ತಿತ್ತು, ಬೈಯುತ್ತ, ಏದುಸಿರು ಬಿಡುತ್ತ. ಅದರ ಜೊತೆ ಒಂದು ಚಪ್ಪಲಿ ಎಳೆಯುವ ಸದ್ದು. ನಾನು ಹಿಂದಿರುಗಿ ನೋಡಲಿಲ್ಲ. ಕೈ ನೋಯುತ್ತಿತ್ತು, ಇಳಿಸಲಿಲ್ಲ. ಶಿವಶಿವ ಎಂದುಕೊಂಡು ಮೂಲೆಯ ತನಕ ನಡೆದೆ.

ಬೇಕರಿ ಮುಂದೆ ಎಂದಿನ ಹಾಗೆ ಸಂಜೆಯ ಜನ. ಪಫ್ಸ್ ತಿನ್ನುವ ಕಾಲೇಜು ಹುಡುಗಿಯರು, ಡೆಲಿವರಿಯ ಬೈಕಿನವರು, ಚರ್ಚಿನಿಂದ ಬರುತ್ತಿದ್ದ ಹೆಂಗಸರು, ಹೂವಿನ ಸೆಲ್ವಿ. "ಇದೇನು ಅಂಕಲ್, ಫಿರಂಗಿನಾ?" ಎಂದು ಒಬ್ಬ ಕೇಳಿದ. ಇವರು ಪೆಟ್ಟಿಗೆಗೆ ಒರಗಿಕೊಂಡು, ತಿರುಪು ತಿರುಗಿಸಿ, ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಆಮೇಲೆ ತಲೆಯೆತ್ತಿ ಆ ಹುಡುಗನಿಗೆ, "ಬಾ, ನೋಡು. ಪೆಟ್ಟಿಗೆ ಮುಟ್ಬೇಡ" ಎಂದರು.

ಅವನು ನೋಡಿ "ಲೋ ಮಗಾ" ಎಂದು ಹಿಂದಿದ್ದವನ ತೋಳು ಹಿಡಿದು ಎಳೆದ. ಅಷ್ಟೇ. ಇದ್ದವರೆಲ್ಲ ಮುಗಿಬಿದ್ದರು. ಹೂವಿನ ಸೆಲ್ವಿ ಬುಟ್ಟಿ ಇಳಿಸಿ, ಚಂದ್ರನನ್ನು ತನ್ನ ತಮಿಳಿನಲ್ಲೇ ಕರೆದು, "ನಿಲಾದಲ್ಲಿ ಇಷ್ಟೊಂದು ಗುಂಡಿನಾ? ನಮ್ ರೋಡೇ ವಾಸಿ" ಎಂದಳು. ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ಇವರಿಗೆ ತಾಗಿತು. ತಾಗಿಸಿದವನಿಗೆ ಗಮನವೇ ಇಲ್ಲ. ಚಂದ್ರ ಸರಿದಂತೆಲ್ಲ ಇವರು ಕಾಲೆಳೆದುಕೊಂಡು ಪೆಟ್ಟಿಗೆಯ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೋಗಿ ಸರಿಮಾಡುತ್ತಿದ್ದರು. ಯಾರೂ ಅವರ ಕಾಲು ನೋಡಲಿಲ್ಲ. ನೋಡಲು ಅಲ್ಲಿ ಬೇರೆಯದೇ ಇತ್ತು.

"ಸಾಲಲ್ಲಿ ಬನ್ನಿ, ಸಾಲಲ್ಲಿ" ಎಂದು ಕೂಗಿದರು. ನಾನೂ ಸಾಲಲ್ಲಿ ನಿಂತೆ. ನನ್ನ ಸರದಿ ಬಂದಾಗ ಅಭ್ಯಾಸಬಲ, ಕೈಮುಗಿದು ಬಗ್ಗಿದೆ.

"ಕಣ್ಣು ಬಿಡೇ," ಕಿವಿಯ ಬಳಿ ಅವರ ದನಿ. "ಮುಚ್ಕೊಂಡ್ರೆ ಏನ್ ಕಾಣುತ್ತೆ."

ಬಿಟ್ಟೆ. ಅಮ್ಮನಿಗೆ ಊಟದ ಅಪ್ಪಣೆ ಕೊಡುತ್ತಿದ್ದವನು ಅಷ್ಟು ಹತ್ತಿರ ಬಂದು ನಿಂತಿದ್ದ. ಬೆಳಕು ಮುಗಿದು ಕತ್ತಲೆ ಶುರುವಾಗುವ ಗಡಿಯಲ್ಲಿ ಉಂಗುರ ಉಂಗುರವಾಗಿ ಹಳ್ಳಗಳು, ಒಂದೊಂದರ ಅಂಚಿಗೂ ಬಿಸಿಲು. "ಆಂಟಿ, ಬೇಗ" ಎಂದಳು ಹಿಂದಿನ ಹುಡುಗಿ. ಸರಿದುಕೊಂಡೆ. ಇವರಿಗೆ ಏನಾದರೂ ಹೇಳಬೇಕೆನ್ನಿಸಿತು. ಅವರಾಗಲೇ ಆ ಹುಡುಗಿಗೆ ಕಣ್ಣು ಎಲ್ಲಿಡಬೇಕೆಂದು ಹೇಳುತ್ತಿದ್ದರು.

ಅನ್ನಕ್ಕಿಡಬೇಕಿತ್ತು. ಅಮೀರ್ ಭಾಯಿಗೂ ನಮ್ಮಲ್ಲೇ ಊಟವೆಂದು ಹೇಳಿ ಒಬ್ಬಳೇ ಮನೆಗೆ ಬಂದೆ. ಕುಕ್ಕರು ಕೂಗಿತು. ಸಾರು ಕುದಿಸಿದೆ, ಹಪ್ಪಳ ಕರಿದೆ, ತಟ್ಟೆ ಇಟ್ಟೆ. ಇವರ ಸುದ್ದಿಯಿಲ್ಲ. ಗೇಟಿನ ತನಕ ಹೋಗಿ ನೋಡಿ ಬಂದೆ. ಮೂಲೆಯಲ್ಲಿ ಇನ್ನೂ ಜನ. ಕೂತೆ. ಸಾರು ಆರಿತು, ಹಪ್ಪಳ ಮೆತ್ತಗಾಯಿತು. ಇನ್ನೊಂದು ಸಲ ಹೋಗಿ ನೋಡೋಣವೆಂದು ಎದ್ದವಳು ಬೇಡವೆಂದು ಕೂತೆ. ಬೀದಿಗೆ ಹೋದ ಗಂಡ ಊಟದ ಹೊತ್ತಿಗೆ ಮನೆಗೆ ಬರುವುದಿಲ್ಲ ಎಂದು ಅಕ್ಕಪಕ್ಕದ ಹೆಂಗಸರು ದೂರುವುದನ್ನು ಎಷ್ಟು ದಿನದಿಂದ ಕೇಳುತ್ತಿದ್ದೆ. ಕೊನೆಗೆ ಗೇಟು ಸದ್ದಾಯಿತು. ನಾನು ಬಾಗಿಲಿಗೆ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು, ಸ್ವಲ್ಪ ಜೋರಾಗಿಯೇ ಹೇಳಿದೆ:

"ಎಷ್ಟೊತ್ತು ರೀ ಬೀದಿ ಸುತ್ತೋದು? ಮನೇಲಿ ಊಟ ಆರಿ ಹೋಯ್ತು."